ಗುಜರಿ ಎತ್ತಿನ ಹಲ್ಲು

ಬಿಡದಿಯ ಕಾರ್ಖಾನೆಗಳ ಗುಜರಿಯಿಂದ ನಾನೊಂದು ಎತ್ತಿನ ಶಿಲ್ಪ ಮಾಡುತ್ತಿದ್ದೆ. ಸೈಲೆನ್ಸರಿನ ಕಾಲು, ಪೆಟ್ರೋಲ್ ಟ್ಯಾಂಕಿನ ಹೊಟ್ಟೆ, ಸ್ಪಾರ್ಕ್ ಪ್ಲಗ್ಗಿನ ಹಲ್ಲು. ನೇಗಿಲಿಗೆ ವೆಲ್ಡಿಂಗ್ ಮಾಡಿಸಲು ನಾನು ಕೆಲಸ ಮಾಡುತ್ತಿದ್ದ ಶೆಡ್ಡಿಗೆ ಬಂದ ತಿಪ್ಪಸಂದ್ರದ ರೈತರೊಬ್ಬರು ಅದರ ಬೆನ್ನು ಸವರಿ, ಸಂತೆಯಲ್ಲಿ ದನ ಕೊಳ್ಳುವವರ ಹಾಗೆ ಬಾಯೊಳಗೆ ಬೆರಳಿಟ್ಟರು.

“ಎತ್ತೇನೋ ಸೊಗಸಾಗೈತೆ ಸ್ವಾಮಿ. ಮೇಲ್ಗಡೆ ಮುಂದಿನ ಹಲ್ಲು ಯಾಕ್ ಕೂರ್ಸಿದ್ದೀರಿ? ದನಕ್ಕೆ ಅವು ಇರಾಕಿಲ್ಲ.”

ರಾಶಿ ಎತ್ತುಗಳ ಚಿತ್ರ ಬರೆದಿದ್ದೆ. ಒಂದರ ಬಾಯನ್ನೂ ಬಿಡಿಸಿ ನೋಡಿರಲಿಲ್ಲ! ಅವರೆದುರೇ ಮೇಲಿನ ಸಾಲು ಕತ್ತರಿಸಿದೆ. ಅವರು ಕೆಳಗಿನ ಪ್ಲಗ್ಗು ಎಣಿಸಿದರು.

“ಆರು ಹಲ್ಲು. ಒಳ್ಳೇ ಪ್ರಾಯ, ನಾಳೇನೇ ಹೂಡ್ಬೋದು.”

ಅಂಥ ವಿಮರ್ಶೆ ನನಗೆ ಮತ್ತೆ ಸಿಕ್ಕಿಲ್ಲ.

ಪ್ರದರ್ಶನದಲ್ಲಿ ಎತ್ತಿನ ಮುಂದೆ ‘ಮುಟ್ಟಬೇಡಿ’ ಎಂಬ ಬೋರ್ಡು ಇಟ್ಟಿದ್ದರು. ಕಿತ್ತು ಬಿಸಾಕಿದೆ. ಆ ರೈತರು ಮುಟ್ಟದೆ ಹೋಗಿದ್ದರೆ ನನ್ನ ಎತ್ತು ಇವತ್ತಿಗೂ ಮನುಷ್ಯರ ಹಾಗೆ ಹಲ್ಲು ಕಿರಿಯುತ್ತಿತ್ತು.