ಮುಖ ಕಾಣದ ಪ್ರಾಣಿ

“ಅಕ್ಕಾ, ವಾಡಿಗೆ ದಾರಿ ಯಾವುದು?” ರಾವೂರ ದಾಟಿ ಕಲ್ಲಿನ ಗಣಿಗಳ ನಡುವೆ ದಾರಿ ತಪ್ಪಿದ್ದೆ. ರೈಲಿಗೆ ಹೊತ್ತಾಗಿತ್ತು. ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುತ್ತಿದ್ದ ಹೆಂಗಸು ತಲೆ ಎತ್ತಿದಳು.

“ಹೇಳ್ತೀನ್ರಿ. ನೀವು ಎಲ್ಲಿಂದ ಬರಾಕತ್ತೀರಿ?”

ಅಮೆರಿಕದ ಕಡಲತೀರದಿಂದ ಎಂದೆ. ಅಲ್ಲಿ ಕಡಲಲ್ಲಿ ಈಜುತ್ತಿದ್ದ ಸಮುದ್ರ ಮಿಂಕ್ ಎಂಬ ಸಣ್ಣ ಪ್ರಾಣಿಯನ್ನು ಜನ ತುಪ್ಪಳದ ಆಸೆಗೆ ಒಂದೂ ಉಳಿಯದಂತೆ ಕೊಂದ ಕತೆಯನ್ನೂ ಹೇಳಿದೆ.

“ಅದರ ಮಾರಿ ಹೆಂಗಿತ್ರಿ?”

“ಅದರ ಮುಖ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪಂಡಿತರು ಹೆಸರಿಡುವ ಹೊತ್ತಿಗೆ ಎಲುಬುಗಳಷ್ಟೇ ಉಳಿದಿದ್ದವು.”

“ಅಷ್ಟು ದೂರ ಹೋಗಿ ಮಾರಿ ನೋಡದೇ ಬಂದ್ರೇನು?” ಅವಳು ನಗುತ್ತ ಬಲಕ್ಕೆ ಕೈ ತೋರಿಸಿದಳು. “ದಾರಿ ನಾ ಹೇಳೀನಿ. ಮಾರಿ ನಿಮ್ಮ ಕಡೆ ಬಾಕಿ ಐತಿ ನೋಡ್ರಿ, ಅಕ್ಕೋರ.”

ಹೊರಟ ನಾನು, ಅವಳು ಆಗಷ್ಟೇ ಎಬ್ಬಿಸಿದ ಹಾಸುಗಲ್ಲು ಕಂಡು ನಿಂತೆ. ಅದರ ತುಂಬ ಸಣ್ಣ ಸಣ್ಣ ಅಲೆಗಳು. ಮನುಷ್ಯರೇ ಇಲ್ಲದ ಕಾಲಕ್ಕೆ ಇಲ್ಲಿದ್ದ ಕಡಲು ತನ್ನ ತೆರೆಗಳನ್ನು ಕಲ್ಲಿನಲ್ಲಿ ಬಿಟ್ಟುಹೋಗಿತ್ತು. ನಮ್ಮ ಮುತ್ತಜ್ಜಂದಿರ ಕಾಲದವರೆಗೆ ಇದ್ದ ಮಿಂಕ್ ತನ್ನ ಮುಖವನ್ನೂ ಬಿಟ್ಟಿರಲಿಲ್ಲ. ಅಲೆಗಳ ಮೇಲೆ ಕೈಯಾಡಿಸುತ್ತ ಕೂತೆ. ದೂರದಲ್ಲಿ ನನ್ನ ರೈಲು ಕೂಗಿತು.

ಸುಣ್ಣದ ಹರಳೊಂದನ್ನು ಹುಡುಕಿ, ಆ ತೆರೆಗಳ ಮೇಲೆ ಈಜುವ ಪ್ರಾಣಿಯೊಂದನ್ನು ಬರೆದೆ.

ಅವಳು ಬಗ್ಗಿ ನೋಡಿದಳು. “ಇದು ನಮ್ಮ ಮುಂಗಲಿ ಅಲ್ರೇನು?”

“ಮುಂಗುಸಿಯೇ ಇರಬಹುದು” ಎಂದೆ. ಅಲ್ಲ ಎನ್ನಲು ಮಿಂಕಿನ ಮುಖ ಕಂಡವರು ಯಾರೂ ಬದುಕಿಲ್ಲವಾದ್ದರಿಂದ ನನ್ನ ಬಾಕಿ ತೀರಿತು.