ಕಂಪ್ಯೂಟರ್ ಕೋಣೆಗೆ ಕಾಲು ಅದ್ದಿ ಬನ್ನಿ

ಬ್ಲೀಚಿಂಗ್ ಪೌಡರಿನ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ ನಾನು ಕಾಣೆ. ಇವತ್ತು ಬೆಳಿಗ್ಗೆ ಪಕ್ಕದವರು ಹೊಸ ರೇಷ್ಮೆಹುಳ ತರುವ ಮುಂಚೆ ಹುಳುಮನೆ ತೊಳೆಯುತ್ತಿದ್ದರು. ಆ ವಾಸನೆ ಬೇಲಿ ದಾಟಿ ಬಂದು ಮೂಗಿಗೆ ಬಡಿದದ್ದೇ ತಡ, ನಾನು ಕಾಫಿ ಲೋಟ ಹಿಡಿದುಕೊಂಡು ಒಬ್ಬಳೇ ನಗುವುದಕ್ಕೆ ಶುರುಮಾಡಿದೆ. ನಮ್ಮ ಸೀಮೆಯಲ್ಲಿ ಯಾರಿಗೇ ಆಗಲಿ ಆ ವಾಸನೆಗೆ ಹುಳ ನೆನಪಾಗಬೇಕು. ನನಗೆ ಕಂಪ್ಯೂಟರ್ ನೆನಪಾಗುತ್ತದೆ. ಕೂತುಕೊಳ್ಳಿ, ಹೇಳುತ್ತೇನೆ. ಇದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ತಿಂದ ಮುದ್ದೆ ಅರಗುವುದಿಲ್ಲ.

ನಾನು ಹೆಚ್ಚು ಓದಿದವಳಲ್ಲ. ಕಾಗುಣಿತ ಮುಗಿಯುವ ಮುಂಚೆಯೇ ಶಾಲೆ ಮುಗಿದಿತ್ತು. ಆದರೆ ಹುಳ ಸಾಕಿದ್ದೇನೆ. ರೇಷ್ಮೆಹುಳ ಎಂದರೆ ಬಾಣಂತಿ ಕೋಣೆಯ ಕೂಸಿದ್ದ ಹಾಗೆ. ಹೊರಗಿನ ಕಾಲು ಒಳಗೆ ಬಂದರೆ ರೋಗವೂ ಅದರ ಹಿಂದೆಯೇ ಬರುತ್ತದೆ. ಅದಕ್ಕೇ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇಡುತ್ತೇವೆ, ಕಾಲು ಅದ್ದಿಯೇ ಒಳಗೆ ಬರಬೇಕು. ನಮ್ಮ ಬೀಗರು ಒಮ್ಮೆ ಹೊಸ ಬೂಟು ಮೆಟ್ಟಿಕೊಂಡು ಹುಳ ನೋಡಲು ಬಂದಾಗ ಅವರನ್ನೂ ಹೊಸ್ತಿಲಾಚೆಯೇ ನಿಲ್ಲಿಸಿದ್ದೆ. ಅವರು ಬಹಳ ಕಾಲ ನನ್ನನ್ನು ಮಾತಾಡಿಸಲಿಲ್ಲ. ಹುಳ ಮಾತ್ರ ಚೆನ್ನಾಗಿ ಗೂಡು ಕಟ್ಟಿತು.

ನಮ್ಮ ಹಳೆಯ ಹುಳುಮನೆಯ ಒಂದು ಗೋಡೆ ಮಳೆಗೆ ಕುಸಿದಿತ್ತು. ಹೊಸದು ಕಟ್ಟಬೇಕು ಎಂದಾಯಿತು. ಮೊಮ್ಮಗಳು ಭವ್ಯ ಹನಕೆರೆಯಲ್ಲಿ ರೈಲು ಹತ್ತಿ ಮಂಡ್ಯಕ್ಕೆ ಹೋಗಿ ಕಟ್ಟಡದ ಓದು ಓದುತ್ತಾಳೆ. "ಪ್ಲಾನು ನಾನೇ ಬರೀತೀನಿ" ಅಂದಳು. ಟೇಪು ಹಿಡಿದು ಹಿತ್ತಲೆಲ್ಲ ಅಳೆದಳು. ಗಾಳಿ ಎಲ್ಲಿಂದ ಬರಬೇಕು, ಸೊಪ್ಪು ಎಲ್ಲಿ ಇಡಬೇಕು ಎಂದು ನನ್ನನ್ನು ಕೂರಿಸಿಕೊಂಡು ಕೇಳಿದಳು. ಕಾಲೇಜಿನಿಂದ ಬಂದವಳು ಕೈಕಾಲು ತೊಳೆದು ಕಂಪ್ಯೂಟರ್ ಮುಂದೆ ಕೂತರೆ ಊಟಕ್ಕೆ ಕೂಗಿ ಕೂಗಿ ನನ್ನ ಗಂಟಲು ಹೋಗುತ್ತಿತ್ತು. ಅವಳು ಬರೆದ ಮೊದಲ ಮನೆ ಅದು.

ಪ್ಲಾನು ಮುಗಿಯಿತು ಅನ್ನುವಾಗ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ತೆರೆದರೆ ಯಾವುದೋ ಜಾಹೀರಾತು, ಅರೆಬಟ್ಟೆಯ ಹೆಂಗಸರು. ಪ್ಲಾನು ಇಟ್ಟಿದ್ದ ಜಾಗದಲ್ಲಿ ಅದೇ ಹೆಸರಿನ ಬೇರೇನೋ ಕೂತಿತ್ತು. ಒತ್ತಿದರೆ ಇನ್ನಷ್ಟು ಜಾಹೀರಾತು. ಮದ್ದೂರಿನ ಕಂಪ್ಯೂಟರ್ ಅಂಗಡಿಯವನನ್ನು ಫೋನಿನಲ್ಲಿ ಕೇಳಿದರೆ, ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು, ಒಳಗಿರುವುದು ಉಳಿಯುತ್ತದೆಂದು ಹೇಳಲಾರೆ ಅಂದ.

ನನ್ನ ಮಗ ರಾಜು, ಭವ್ಯಳ ಅಪ್ಪ, ಮೊದಲಿಂದಲೂ ಅರೆಮನಸ್ಸಿನಲ್ಲಿದ್ದವನು. ಅವನಿಗೆ ಇಷ್ಟು ಸಾಕಾಯಿತು.

"ನೋಡವ್ವ, ಮೇಸ್ತ್ರಿ ಕಾಯ್ತಾ ಅವ್ನೆ. ಈ ವಾರದೊಳ್ಗೆ ಕೊಟ್ರೆ ಸರಿ. ಇಲ್ದಿದ್ರೆ ಮದ್ದೂರ್ ಇಂಜಿನೇರ್ ತಾವ ಬರೆಸ್ತೀನಿ. ಇದೇನ್ ಮಕ್ಳಾಟ್ವಾ?"

ಹುಡುಗಿಯ ಮುಖ ಬಾಡಿದ್ದನ್ನು ನಾನು ನೋಡಿದೆ. ನನಗೂ ರೇಗಿತು. "ಕೊಡ್ತಾಳೆ ಕಣ್ಲಾ! ನೀನ್ ಓಗಿ ಗದ್ದೆಗ್ ನೀರ್ ಕಟ್ಟು" ಅಂದೆ. ಕೊಡುವುದು ಹೇಗೆಂದು ನನಗೇನು ಗೊತ್ತಿತ್ತು? ಮಾತು ಬಾಯಿಂದ ಬಿದ್ದುಹೋಗಿತ್ತು.

ಭವ್ಯ ಹಟಕ್ಕೆ ಕೂತಳು. ಮೊದಲು ನೆಟ್ಟಿನ ವೈರು ಕಿತ್ತಳು. ಕಂಪ್ಯೂಟರನ್ನು ಅರೆನಿದ್ದೆಯಲ್ಲಿ ಎಬ್ಬಿಸುವ ಒಂದು ಬಗೆ ಇದೆಯಂತೆ. ಅದು ಬೇಕಾದಷ್ಟೇ ಕೆಲಸ ಮಾಡುತ್ತದೆ, ವೈರಸ್ಸನ್ನು ಜೊತೆಗೆ ಏಳಗೊಡುವುದಿಲ್ಲ. ಹಾಗೆ ಎಬ್ಬಿಸಿ ಮೂಲೆಮೂಲೆ ಹುಡುಕಿಸಿದಳು. "ಪ್ಲಾನು ಸತ್ತಿಲ್ಲ ಅಜ್ಜಿ, ಬಚ್ಚಿಟ್ಟದೆ ಅಷ್ಟೆ" ಎಂದು ತೆಗೆದೂ ತೋರಿಸಿದಳು. ನಾನು ಪಾಯಸ ಮಾಡಿದೆ.

ಮಾರನೆಯ ದಿನ ತೆರೆದರೆ ಅವೇ ಹೆಂಗಸರು! ಮತ್ತೆ ತೆಗೆದಳು, ಮತ್ತೆ ಬಂತು. ಪಾಯಸ ಮಾಡಿದ್ದಕ್ಕೇ ಹೀಗಾಯಿತೇನೋ ಎಂದು ನನಗೆ ಒಳಗೊಳಗೇ ಅಳುಕು.

ಕೊನೆಗೆ ಯೋಚಿಸಿ ಯೋಚಿಸಿ ನನಗೆ ತಿಳಿದದ್ದನ್ನು ಮಾಡಿದೆ. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇಟ್ಟು, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೆ. ನಗಬೇಡಿ. ಭವ್ಯ ಆಗಲೇ ಬೇಕಾದಷ್ಟು ನಕ್ಕಿದ್ದಾಳೆ.

"ಅಜ್ಜೀ, ಇದು ಆ ತರ ರೋಗ ಅಲ್ಲ ಕಣಜ್ಜಿ!"

"ಯಾವ ತರದ್ದೋ, ನಂಗೇನ್ ಗೊತ್ತು? ತಾನಾಗೇ ಉಟ್ಟಕಿಲ್ಲ ತಾನೆ? ಬರಾದು ಈ ಬಾಗ್ಲಲ್ಲೇ. ನೀನ್ ಒಳ್ಗ್ ನೋಡ್ಕೊ, ನಾನ್ ಬಾಗ್ಲ್ ನೋಡ್ಕತೀನಿ."

ರಾಜು ಕಾಲು ಅದ್ದಿ ಬಂದ, ಗೊಣಗಿಕೊಂಡು ಹೋದ. ಸೊಸೆ ಅದ್ದಿದಳು. ಬೆಕ್ಕು ತಟ್ಟೆ ನೋಡಿ ಬಂದ ದಾರಿಗೇ ವಾಪಸಾಯಿತು. ಆಮೇಲೆ ನಮ್ಮ ಯಜಮಾನರು ಬಂದರು. ಊರ ನಾಟಕದಲ್ಲಿ ಅವರದು ರಾಜನ ಪಾರ್ಟು. ವಯಸ್ಸಾದರೂ ಗದೆ ಹಿಡಿಯುವ ಹುಚ್ಚು ಬಿಟ್ಟಿಲ್ಲ. ಹೇಳಿದ ಹಾಗೆ ಎರಡೂ ಕಾಲು ಅದ್ದಿ, ಪಂಚೆ ಎತ್ತಿ, ಉಡಿದಾರಕ್ಕೆ ಬೀಗದ ಕೈ ಜೊತೆ ಕಟ್ಟಿದ್ದ ಒಂದು ಪೆನ್‌ಡ್ರೈವು ಬಿಚ್ಚಿದರು. ಕಂಪ್ಯೂಟರಿಗೆ ಚುಚ್ಚಲು ಕೈ ಮುಂದೆ ಮಾಡಿದರು.

"ತಾತಾ! ಏನದು?" ಭವ್ಯ ಚೀರಿದಳು.

"ನಾಟಕದ ಪದ ಕಣವ್ವ. ಆರ್ಮೋನಿಯಂ ಮೇಷ್ಟ್ರು ಹಾಕ್ಕೊಟ್ಟವ್ರೆ. ನೀನು ಕಾಲೇಜಿಗೋದ್ಮೇಲೆ ದಿನಾ ಒಸಿ ಕೇಳ್ಕತೀನಿ. ಈ ಪೆಟ್ಗೇಲಿ ಸವುಂಡು ಚೆಂದಾಗ್ ಬತ್ತದೆ."

ನಾನೂ ಭವ್ಯಳೂ ಮುಖ ಮುಖ ನೋಡಿಕೊಂಡೆವು. ಕಾಲೇನೋ ಅದ್ದಿದ್ದರು, ರೋಗ ಸೊಂಟದಲ್ಲಿತ್ತು! ಎಷ್ಟೋ ಊರಿನ ನಾಟಕದವರ ಕಂಪ್ಯೂಟರ್ ಹೊಕ್ಕು ಬಂದಿತ್ತಂತೆ ಆ ಪೆನ್‌ಡ್ರೈವು. ಇವಳು ತೊಳೆಯುವುದು, ಅವರು ಚುಚ್ಚುವುದು, ಹೀಗೇ ನಡೆದಿತ್ತು.

"ಕೊಡು ತಾತ. ಇದನ್ನೂ ಪೂರಾ ಅಳಿಸ್ಬೇಕು."

"ಅಳ್ಸಾದಾ? ಅಲ್ಲ ಕಣೇ," ಅಂತ ನನ್ನ ಕಡೆ ತಿರುಗಿದರು, "ಪದಾನೇ ಅಳ್ಸೋದ್ರೆ ಸ್ಟೇಜ್ ಮ್ಯಾಲ್ ನಿಂತ್ಕಂಡ್ ನಾನ್ ಏನ್ ಬೊಗುಳ್ಳಿ?"

"ಮೇಷ್ಟ್ರ ತಾವ ಓಗಿ ಇನ್ನೊಂದ್ಸಲಿ ಆಡುಸ್ಕಂಡ್ ಬನ್ನಿ. ಅವ್ರ ಗಂಟ್ಲೇನ್ ಬಿದ್ದೋಗಿಲ್ಲ. ಮಗೀಗೆ ಇರಾದು ಇದೊಂದೇ ಪ್ಲಾನು."

ರಾಜನ ಪಾರ್ಟಿನವರು ಸ್ವಲ್ಪ ಹೊತ್ತು ಗಡ್ಡ ಕೆರೆದರು. ಆಮೇಲೆ ಪೆನ್‌ಡ್ರೈವನ್ನು ಮೊಮ್ಮಗಳ ಅಂಗೈಗೆ ಹಾಕಿ, "ನಿನ್ಗಿಂತ ಎಚ್ಚಾ, ತಕೊ" ಅಂದರು. ಆ ಗಳಿಗೆಯಲ್ಲಿ ಅವರು ನಿಜವಾಗಿಯೂ ರಾಜನ ಹಾಗೇ ಕಂಡರು. ಇದನ್ನು ಅವರಿಗೆ ಹೇಳಿಲ್ಲ, ಉಬ್ಬಿಬಿಡುತ್ತಾರೆ.

ಭವ್ಯ ಪೆನ್‌ಡ್ರೈವು ಅಳಿಸಿದಳು. ಕಂಪ್ಯೂಟರನ್ನು ಮತ್ತೊಮ್ಮೆ ಮೊದಲಿಂದ ಜಾಲಾಡಿದಳು. ಆರಿಸಿ ಹಚ್ಚಿದಳು, ಏನೂ ಬರಲಿಲ್ಲ. ಮಾರನೆಯ ಬೆಳಿಗ್ಗೆ ಮನೆಮಂದಿಯೆಲ್ಲ ಸುತ್ತ ನಿಂತು ನೋಡಿದೆವು. ಬರಿಯ ಪ್ಲಾನು, ಗೆರೆಗೆರೆಯಾಗಿ, ಶುದ್ಧವಾಗಿ. ಈ ಸಲ ಪಾಯಸ ಮಾಡಲಿಲ್ಲ, ಹೋಳಿಗೆಯನ್ನೇ ಬೇಯಿಸಿದೆ. ಭವ್ಯ ಮಂಡ್ಯದಲ್ಲಿ ದೊಡ್ಡ ಹಾಳೆಯ ಮೇಲೆ ಪ್ರಿಂಟು ಮಾಡಿಸಿಕೊಂಡು ಬಂದದ್ದನ್ನು ರಾಜು ಜಗಲಿಯಲ್ಲಿ ಹಾಸಿ, ಗೆರೆಗಳ ಮೇಲೆ ಬೆರಳಾಡಿಸಿ ನೋಡಿದ. ಸಂಜೆ ಮೇಸ್ತ್ರಿಗೆ ಹೇಳಿಕಳಿಸಿದ.

ಈಗ ಹಿತ್ತಲಲ್ಲಿ ಗೋಡೆ ಏಳುತ್ತಿದೆ. ಇವತ್ತು ಬೆಳಿಗ್ಗೆ ನಕ್ಕು ಮುಗಿಸಿ, ಕಾಫಿ ಲೋಟ ಕೆಳಗಿಟ್ಟು ಅಲ್ಲಿಗೆ ಹೋದೆ. ಮೇಸ್ತ್ರಿ, "ಬಾಗ್ಲು ಎತ್ಲಾಗ್ ಬುಡನಾ ಅಣ್ಣ?" ಎಂದು ರಾಜುವನ್ನು ಕೇಳುತ್ತಿದ್ದ.

"ನನ್ನ ಯಾಕ್ ಕೇಳೀಯೆ? ಬರ್ದೋಳು ಅಲ್ಲೇ ನಿಂತವ್ಳಲ್ಲ, ಕೇಳು."

ನಾನು ಸುಮ್ಮನಿರಬೇಕಿತ್ತು. "ಮೂಡ್ಲಿಗೇ ಬುಡಪ್ಪ, ಹಳೇದೂ ಅಂಗೇ ಇತ್ತು" ಅಂದೆ.

"ಬ್ಯಾಡ ಅಜ್ಜಿ" ಅಂದಳು ಭವ್ಯ, ಹಾಳೆಯಿಂದ ತಲೆ ಎತ್ತದೆ. "ಎಳೆಬಿಸ್ಲು ನೇರ ಹುಳದ್ ಮ್ಯಾಲ್ ಬೀಳ್ತದೆ. ನಾನ್ ಬರ್ದಿರ ಕಡೆಗೇ ಇರ್ಲಿ."

ಮೇಸ್ತ್ರಿ ನನ್ನ ಮುಖ ನೋಡಿದ. ರಾಜುವೂ ನೋಡಿದ. ನಾನು ಸೊಸೆಯಾಗಿ ಈ ಮನೆ ಹೊಕ್ಕು ಹುಳದ ತಟ್ಟೆ ಹಿಡಿದಂದಿನಿಂದ, ಹುಳುಮನೆಯ ವಿಷಯದಲ್ಲಿ ನನಗೆ ಬೇಡ ಅಂದವರು ಯಾರೂ ಇರಲಿಲ್ಲ. ನಾನು ಹಿಗ್ಗಿ ಮೇಸ್ತ್ರಿಯ ಕಡೆ ತಿರುಗಿದೆ.

"ಅವ್ಳೇಳ್ದಂಗೇ ಮಾಡಪ್ಪ" ಅಂದೆ.