ಯಾವಾಗಿನಿಂದ ಶುರು

ಎಪ್ಪತ್ತರ ದಶಕದ ನಡುವಿನಲ್ಲಿ ನರ್ಸ್ ತರಬೇತಿ ಮುಗಿಸಿದ ನನಗೆ ತಮಿಳುನಾಡಿನ ಗಡಿಯೊಳಗಿರುವ ನಮ್ಮ ತಾಳವಾಡಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಎರಡು ಕೋಣೆ, ಒಂದು ಜಗಲಿ, ಜಗಲಿಯಲ್ಲಿ ಉದ್ದನೆಯ ಬೆಂಚು. ಡಾಕ್ಟರು ಘಟ್ಟದ ಕೆಳಗಿನ ತಮಿಳರು, ಕನ್ನಡ ಬಾರದು. ನಮ್ಮ ಕಡೆಯ ಗಂಡಸರಿಗೆ ಸಂತೆ, ಕಚೇರಿ ಎಂದು ಓಡಾಡಿ ತಮಿಳು ಬರುತ್ತಿತ್ತು. ಕಾಡಂಚಿನ ಊರುಗಳ ಹೆಂಗಸರಲ್ಲಿ ಬಹಳ ಜನಕ್ಕೆ ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಕೇಳಿಕೊಂಡು, ಡಾಕ್ಟರಿಗೆ ತಮಿಳಿನಲ್ಲಿ ತಿಳಿಸಿ, ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಪಾಲಿಗೆ ಬಂತು.

ಚೀಟಿಯಲ್ಲಿ ಹೆಸರು, ವಯಸ್ಸು, ಊರು, ಅದರ ಕೆಳಗೆ ‘ಆನ್‌ಸೆಟ್’ ಎಂದು ಅಚ್ಚಾಗಿತ್ತು. ಕಾಯಿಲೆ ಯಾವಾಗ ಶುರುವಾಯಿತೆಂದು ಬರೆಯಲು ಅದರ ಮುಂದೆ ಒಂದೇ ಒಂದು ಸಾಲಿನಷ್ಟು ಜಾಗ. ಶಾಲೆಯಲ್ಲಿ ಮೇಷ್ಟರು ‘ಬಿಗಿನ್’ ಎಂದರೆ ನಾವು ಪರೀಕ್ಷೆ ಬರೆಯಲು ತೊಡಗುತ್ತಿದ್ದೆವು. ಸತ್ಯಮಂಗಲದ ಬಸ್ಸು ‘ಸ್ಟಾರ್ಟ್’ ಆಗುತ್ತಿತ್ತು, ಕೆಲವು ದಿನ ಆಗುತ್ತಲೂ ಇರಲಿಲ್ಲ. ನನ್ನ ಕೆಲಸದ ಆದೇಶದಲ್ಲಿ ‘ಕಮೆನ್ಸ್’ ಎಂದಿತ್ತು. ಮನೆಯಲ್ಲಿ ಇವೆಲ್ಲಕ್ಕೂ ನಮ್ಮದು ‘ಶುರು’ ಎಂಬ ಒಂದೇ ಮಾತು. ಯಾವುದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ನಾನು ಒಂದು ಚೀಟಿಯಲ್ಲಿ ‘ಜ್ವರ ಕಮೆನ್ಸ್ ಆಯಿತು’ ಎಂದು ಬರೆದಾಗ, ಅಲ್ಲಿದ್ದ ಹಿರಿಯ ನರ್ಸಮ್ಮ ತಿದ್ದಿದರು.

“ಕಮೆನ್ಸ್ ಆಗುವುದು ನಾವು ಕೊಡುವ ಔಷಧಿ. ಕಾಯಿಲೆಗೆ ಆನ್‌ಸೆಟ್. ಕೇಳದೆ ಒಳಗೆ ಬರುವುದಕ್ಕೆಲ್ಲ ಆ ಪದ. ಮದುವೆಗೆ, ಬಿತ್ತನೆಗೆ ಅದನ್ನು ಹಾಕಬೇಡ,” ಎಂದು ತಮಿಳಿನಲ್ಲಿ ಹೇಳಿದರು.

ನಾನು ಕಲಿತೆ. ಬೇಗ ಬರೆಯುವುದನ್ನೂ ಕಲಿತೆ. ಜನ ದಿನಾಂಕ ಹೇಳುತ್ತಿರಲಿಲ್ಲ. ರಾಗಿ ಕುಯ್ಲಿಗೆ ಮೊದಲು ಎನ್ನುತ್ತಿದ್ದರು, ಆನೆ ಬಂದು ಅವರೆ ಹೊಲ ತುಳಿದ ವಾರ ಎನ್ನುತ್ತಿದ್ದರು. ನಾನು ಅದನ್ನು ವಾರ, ತಿಂಗಳಿಗೆ ಇಳಿಸಿ ಬರೆಯುತ್ತಿದ್ದೆ.

ಒಂದು ಕಾರ್ತಿಕ ಮಾಸದಲ್ಲಿ ಜೀರಹಳ್ಳಿ ಕಡೆಯಿಂದ ಒಬ್ಬ ಹೆಂಗಸು ತನ್ನ ಅತ್ತೆಯ ಜೊತೆ ಕೆಮ್ಮುತ್ತ ಬಂದಳು. ಮೂವತ್ತು ತುಂಬಿರಲಿಲ್ಲ. ಅಂದು ಬೆಂಚು ತುಂಬಿ ಜನ ಅಂಗಳದಲ್ಲೂ ಕೂತಿದ್ದರು.

“ಯಾವಾಗ್ನಿಂದಕ್ಕ ಇದು ಶುರುವಾಗಿದ್ದು?” ಎಂದೆ.

“ಅದ ಎಂಗೇಳನೆ ನರ್ಸಮ್ಮ? ನಂಗ ಅನ್ನೆಲ್ಡು ವರ್ಸ ಆಗ. ನಮ್ಮವ್ವನ ಮನೇಲಿ ಜರ ಬಂದು ಬಿದ್ಕಂಡೆ. ಮಂಡಿ, ಮೊಣಕೈ ಎಲ್ಲ ಊದ್ಕಂಡು ನಿಲ್ಲಕ್ಕೇ ಆಯ್ತಿರ್ನಿಲ್ಲ. ತಿಂಗ್ಳಾದ್ಮೇಲೆ ಎದ್ದೆ. ಆಗ್ಲಿಂದ ಬೆಟ್ಟ ಅತ್ತುದ್ರ ಉಸ್ರು ಕಟ್ತದ.”

“ಆ ಪುರಾಣ ಯಾಕ ಈಗ? ಬಸ್ಸು ಬಂದ್ಬುಡ್ತದ. ಕೆಮ್ಮಿನ ಇಚಾರ ಏಳು,” ಎಂದಳು ಅತ್ತೆ.

ಕೆಮ್ಮು ಎರಡು ವಾರದಿಂದ ಇತ್ತು. ಆನ್‌ಸೆಟ್ ಮುಂದೆ ನಾನು ‘ಎರಡು ವಾರ’ ಎಂದು ಬರೆದೆ. ಡಾಕ್ಟರು ಅದನ್ನು ನೋಡಿ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ಎದೆಯ ಮೇಲೆ ಇಡಲಿಲ್ಲ. ಎರಡು ವಾರದ ಕೆಮ್ಮಿಗೆ ಅಷ್ಟು ಸಾಕಿತ್ತು.

ಶಿವರಾತ್ರಿ ಕಳೆದ ಮೇಲೆ ಅವಳ ಗಂಡ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಸೌದೆ ಹೊರೆ ಹೊತ್ತು ಬರುವಾಗ ದಾರಿಯಲ್ಲಿ ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು, ಪಾದಗಳು ಊದಿದ್ದವು. ಡಾಕ್ಟರು ಈ ಸಲ ಎದೆಗೇ ಕಿವಿಗೊಟ್ಟು ಬಹಳ ಹೊತ್ತು ಕೂತರು.

“ಚಿಕ್ಕಂದಿನಲ್ಲಿ ಕೀಲುಗಳು ಊದಿ ಜ್ವರ ಬಂದಿತ್ತೇ, ಕೇಳು,” ಎಂದರು.

“ಬಂದಿತ್ತು ಸಾರ್. ಹನ್ನೆರಡನೇ ವಯಸ್ಸಿನಲ್ಲಿ.”

“ಕೇಳದೆ ನಿನಗೆ ಹೇಗೆ ಗೊತ್ತು?”

“ಹೋದ ಸಲವೇ ಹೇಳಿದ್ದಳು.”

ಗಂಡ ಹಳೆಯ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟ. ಡಾಕ್ಟರು ಓದಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. “ಇಲ್ಲಿ ಜಾಗ ಸಾಲದಿದ್ದರೆ ಹಿಂದೆ ಬರಿ,” ಎಂದಷ್ಟೇ ಹೇಳಿ, ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಕಾಗದ ಬರೆದರು.

ಆ ಬಾಲ್ಯದ ಜ್ವರ ಹೃದಯದ ಕವಾಟವನ್ನು ಕೆಡಿಸಿತ್ತು. ಎರಡು ತಿಂಗಳ ಮೇಲೆ ಅವಳು ಬದುಕಿ ಬಂದಳು. ಭಾರ ಹೊರಬಾರದು, ಮತ್ತೆ ಬಸಿರಾಗಬಾರದು, ಆ ಜ್ವರ ಮರುಕಳಿಸದಂತೆ ಇಪ್ಪತ್ತೊಂದು ದಿನಕ್ಕೊಮ್ಮೆ ಕೊಡುವ ಇಂಜೆಕ್ಷನ್ ತಪ್ಪಿಸಬಾರದು ಎಂದು ಹೇಳಿ ಕಳಿಸಿದ್ದರು. ಮೂರು ತಿಂಗಳ ತಡದಿಂದ ಕವಾಟ ಕೆಟ್ಟದ್ದಲ್ಲ ಎಂದು ನಮ್ಮ ಡಾಕ್ಟರು ನನಗೆ ಹೇಳಿದರು. ಇರಬಹುದು. ಆದರೆ ಆ ಮೂರು ತಿಂಗಳೂ ಅವಳು ಸೌದೆ ಹೊತ್ತಿದ್ದಳು.

ಆ ಇಂಜೆಕ್ಷನ್ ಕೊಡುವವಳು ನಾನೇ. ಸೂಜಿ ದಪ್ಪ, ನೋವು ಬಹಳ. ಅವಳು ಬೆಂಚಿನ ಅಂಚು ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಒಂದು ವರ್ಷ ಕಳೆದ ಮೇಲೆ, ಜನವಿಲ್ಲದ ಒಂದು ಮಧ್ಯಾಹ್ನ, ಹೇಳಿಬಿಟ್ಟೆ.

“ಅಕ್ಕ, ಆವತ್ತು ನೀನು ಏಳಿದ್ದ ನಾನು ಪೂರ್ತಿ ಬರೀನಿಲ್ಲ.”

“ನಂಗೊತ್ತು ಕಣವ್ವ,” ಎಂದಳು. “ನಾ ಅಷ್ಟುದ್ದ ಏಳುದ್ನಲ್ಲ, ನೀ ಇಷ್ಟೇ ಇಷ್ಟು ಬರ್ದೆ. ನಂಗ ಓದಕ್ಕ ಬರಲ್ಲ. ಉದ್ದ ಗಿಡ್ಡ ಕಾಣ್ತದ.”

“ಆಗ್ಲೇ ಕೇಳ್ಬಾರ್ದಾಗಿತ್ತ?”

“ಸರ್ಕಾರದ ಬರವಣಿಗ ಅಂಗೇ ಇರ್ತದ ಅಂದ್ಕಂಡೆ.”

ಅವಳು ಎದ್ದು ಸೆರಗು ಸರಿಮಾಡಿಕೊಂಡು, ಮುಂದಿನ ಸಲ ಯಾವ ವಾರ ಬರುತ್ತದೆ ಎಂದು ಕೇಳಿ ಹೋದಳು.

ಎಂಬತ್ತರ ದಶಕ ಕಾಲಿಟ್ಟ ಮೇಲೆ, ಒಂದು ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಮೊದಲೇ ಅವಳು ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಹನ್ನೊಂದು ವರ್ಷದ ಮಗಳು, ಮಂಡಿಯ ಮೇಲೆ ಒದ್ದೆ ಬಟ್ಟೆ.

“ಬರ್ಕೊ ನರ್ಸಮ್ಮ,” ಎಂದಳು. “ನೆನ್ನ ಮದ್ಯಾನ, ಸ್ಕೂಲಿಂದ ಊಟಕ್ಕ ಬಂದಾಗ ಎಡಗಾಲ ಎಳೀತಿದ್ಲು. ಸಂಜ ಒತ್ಗ ಮಂಡಿ ಊದ್ತು, ಮೈ ಸುಡಕ್ಕ ಸುರುವಾಯ್ತು. ಅದುಕ್ಕ ಮೊದ್ಲು ಗಂಟ್ಲು ನೋವು, ಆದಿವಾರದಿಂದ.”

ನಾನು ಚೀಟಿಯ ಹಿಂದೆಯೂ ಬರೆದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಡಾಕ್ಟರು ಅಂದೇ ಔಷಧಿ ಶುರುಮಾಡಿದರು. ಹುಡುಗಿಯ ಹೃದಯಕ್ಕೆ ಏನೂ ಆಗಲಿಲ್ಲ. ಇಂಜೆಕ್ಷನ್ ಮಾತ್ರ ಅವಳಿಗೂ ಗಂಟುಬಿತ್ತು. ತಾಯಿ ಮಗಳು ಒಂದೇ ದಿನ ಬಂದು, ಒಬ್ಬರಾದ ಮೇಲೆ ಒಬ್ಬರು ಹಾಕಿಸಿಕೊಳ್ಳುತ್ತಿದ್ದರು. ಮಗಳು ಅಳುತ್ತಿದ್ದಳು, ತಾಯಿ ಅಳುತ್ತಿರಲಿಲ್ಲ.

ಎರಡು ವರ್ಷದ ನಂತರ ನನಗೆ ತಾಳಮಲೆಗೆ ವರ್ಗವಾಯಿತು. ಅಲ್ಲಿಗೆ ಹೋದ ಮೊದಲ ಮಳೆಗಾಲದಲ್ಲೇ ಅವಳ ಗಂಡ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತ. ಹಿಂದಿನ ವಾರ ಅವಳು ಹೊಲದಿಂದ ಬಂದು ನೀರು ಕುಡಿದು ಮಲಗಿದವಳು ಏಳಲಿಲ್ಲವಂತೆ. ಅವನನ್ನು ಕೂರಿಸಿ ಕಾಫಿ ಕೊಟ್ಟೆ. ಅವನು ಅದನ್ನು ಆರುವವರೆಗೂ ಕೈಯಲ್ಲಿ ಹಿಡಿದುಕೊಂಡಿದ್ದ.

“ಮಗಳ ಸೂಜಿ ಮಂಗಳ್ವಾರಕ್ಕ ಅದ,” ಎಂದ. “ಅಲ್ಲಿ ಒಸ ನರ್ಸಮ್ಮ ಬಂದವರ. ಅವ್ರುಗ ಒಂದು ಕಾಗ್ದ ಬರ್ದು ಕೊಡವ್ವ.”

ಹುಡುಗಿಗೆ ಕಾಯಿಲೆ ಬಂದ ದಿನದಿಂದ ಹಿಡಿದು ಎರಡು ಪುಟ ಬರೆದು ಅವನ ಕೈಗೆ ಕೊಟ್ಟೆ.